ಟಿಲ್ಲರ್‌ನ ಅಶ್ವಶಕ್ತಿ ಮತ್ತು ತೋಟದ ಇಳಿಜಾರು

ಮಳೆಗಾಲ ಮುಗಿದು ಮಣ್ಣು ಆರತೊಡಗಿದಂತೆ ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಅಗೆತದ ಕೆಲಸ ಶುರುವಾಗುತ್ತದೆ. ಆಳುಗಳು ಸಿಗುವುದು ಕಷ್ಟವಾದಂತೆ ಗುದ್ದಲಿಯ ಜಾಗಕ್ಕೆ ಸಣ್ಣ ಟಿಲ್ಲರ್‌ಗಳು ಬರುತ್ತಿವೆ. ಕೊಳ್ಳುವವರಿಗೆ ಕರಪತ್ರಗಳು ನೀಡುವ ಸಲಹೆ ಸಾಮಾನ್ಯವಾಗಿ ಒಂದೇ: ಮಣ್ಣು ಗಟ್ಟಿಯಿದ್ದರೆ ಹೆಚ್ಚು ಅಶ್ವಶಕ್ತಿ, ಜಾಗ ದೊಡ್ಡದಿದ್ದರೆ ಹೆಚ್ಚು ಅಗಲ. ಬಯಲುಸೀಮೆಯ ಸಮತಟ್ಟಾದ ಹೊಲಕ್ಕೆ ಇದು ಸಾಕಾಗಬಹುದು. ಆದರೆ ಮಲೆನಾಡಿನ ಇಳಿಜಾರಿಗೆ ಈ ಸಲಹೆ ಒಪ್ಪುವಂಥದ್ದಲ್ಲ. ಏಕೆಂದು ನೋಡೋಣ.

ಮೊದಲು ಅಶ್ವಶಕ್ತಿಯ ವಿಷಯ. ಒಂದು ಅಶ್ವಶಕ್ತಿ ಎಂದರೆ ಸುಮಾರು 746 ವಾಟ್. 7 ಅಶ್ವಶಕ್ತಿಯ ಯಂತ್ರ 100 ಸೆಂ.ಮೀ. ಅಗಲ ಉತ್ತರೆ, ಪ್ರತಿ ಸೆಂ.ಮೀ.ಗೆ ದೊರೆಯುವುದು 52 ವಾಟ್. 5 ಅಶ್ವಶಕ್ತಿಯ ಯಂತ್ರ 60 ಸೆಂ.ಮೀ. ಉತ್ತರೆ 62 ವಾಟ್. ಅಂದರೆ ಗಟ್ಟಿ ಮಣ್ಣಿನಲ್ಲಿ 'ಸಣ್ಣ' ಯಂತ್ರವೇ ಮೇಲು! ಇಷ್ಟೇ ಅಲ್ಲ, ಮಣ್ಣನ್ನು ಸೀಳುವುದು ಅಲಗಿನ ದಂಡದ ಟಾರ್ಕ್. ಗೇರುಗಳ ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದರೆ, ಅದೇ 5 ಅಶ್ವಶಕ್ತಿಗೆ ದಂಡ ನಿಮಿಷಕ್ಕೆ 120 ಸುತ್ತು ತಿರುಗಿದಾಗ ಟಾರ್ಕ್ ಸುಮಾರು 300 ನ್ಯೂಟನ್-ಮೀಟರ್. 240 ಸುತ್ತಿಗೆ ಅದರ ಅರ್ಧ. ಕರಪತ್ರದಲ್ಲಿ ದಪ್ಪಕ್ಷರದಲ್ಲಿರುವ ಅಶ್ವಶಕ್ತಿಗಿಂತ ಈ ಸುತ್ತುಗಳ ಸಂಖ್ಯೆಯನ್ನು ಕೇಳುವುದು ಮುಖ್ಯ.

ಎರಡನೆಯದು ಇಳಿಜಾರು. 20 ಡಿಗ್ರಿ ಇಳಿಜಾರಿನಲ್ಲಿ 100 ಕೆ.ಜಿ. ಯಂತ್ರವನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 335 ನ್ಯೂಟನ್, ಅಂದರೆ 34 ಕೆ.ಜಿ. ತೂಕದಷ್ಟು. ಚಕ್ರ ಜಾರಿದರೆ ಇದನ್ನು ತಡೆಯಬೇಕಾದವನು ಹಿಡಿಕೆ ಹಿಡಿದವನೇ. ಅವನ ಕಾಲಿನ ಮುಂದೆಯೇ ತಿರುಗುವ ಅಲಗುಗಳಿರುತ್ತವೆ. ಅಡ್ಡಲಾಗಿ ಉತ್ತರೆ ಮಗುಚುವ ಭಯ. ಗುರುತ್ವ ಕೇಂದ್ರ ನೆಲದಿಂದ 40 ಸೆಂ.ಮೀ. ಎತ್ತರದಲ್ಲಿದ್ದು ಎರಡು ಚಕ್ರಗಳ ನಡುವೆ 50 ಸೆಂ.ಮೀ. ಅಂತರವಿದ್ದರೆ ಯಂತ್ರ 32 ಡಿಗ್ರಿಯಲ್ಲಿ ಮಗುಚುತ್ತದೆ. ಅಂತರವನ್ನು 30 ಸೆಂ.ಮೀ.ಗೆ ಇಳಿಸಿದರೆ 20 ಡಿಗ್ರಿ ದಾಟುತ್ತಲೇ ಅಪಾಯ. ಇದು ನಿಂತ ಯಂತ್ರದ ಲೆಕ್ಕ. ಕಲ್ಲು, ಒದ್ದೆ ದರಗು, ತೊಟ್ಟಿಲು ಗುಂಡಿಗಳಿರುವ ತೋಟದಲ್ಲಿ ಮಿತಿ ಇನ್ನೂ ಕಡಿಮೆ. ಆರಡಿ ಅಂತರದಲ್ಲಿ ನೆಟ್ಟ ಅರೇಬಿಕಾ ಗಿಡಗಳ ರೆಂಬೆಗಳ ನಡುವೆ ನುಸುಳಲು ಯಂತ್ರ ಕಿರಿದಾಗಿರಬೇಕು; ಮಗುಚದಿರಲು ಅಗಲವಾಗಿರಬೇಕು. ಈ ಇಕ್ಕಟ್ಟನ್ನು ಯಾವ ಕರಪತ್ರವೂ ಹೇಳಿದ್ದನ್ನು ನಾನು ಕಂಡಿಲ್ಲ.

ಮೂರನೆಯದು ಬೇರು. ಕಾಫಿಯ ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮೇಲಿನ 30 ಸೆಂ.ಮೀ. ಮಣ್ಣಿನಲ್ಲೇ ಹರಡಿರುತ್ತವೆ. ಹೀಗಾಗಿಯೇ ಆಳವಾದ ಅಗೆತವನ್ನು ಹೊಸ ತೋಟಗಳಿಗೆ ಸೀಮಿತಗೊಳಿಸಿ, ಬೆಳೆದ ತೋಟದಲ್ಲಿ ಮೇಲ್ಮಣ್ಣನ್ನಷ್ಟೇ ಕೆದಕುವ ಪದ್ಧತಿ ಬಂದಿದೆ. 'ಹೆಚ್ಚು ಆಳ, ಹೆಚ್ಚು ನಯ' ಎಂಬ ಜಾಹೀರಾತಿನ ಗುಣವೇ ಇಲ್ಲಿ ದೋಷವಾಗುತ್ತದೆ. ಹಿಟ್ಟಿನಂತೆ ಪುಡಿಯಾದ ಮಣ್ಣು ಮುಂದಿನ ಜೋರು ಮಳೆಗೆ ಹೇಮಾವತಿಯನ್ನೋ ಭದ್ರೆಯನ್ನೋ ಸೇರುತ್ತದೆ. ಯಂತ್ರ ಸರಿಯಿಲ್ಲದಿದ್ದರೆ ಮಾರಬಹುದು, ಹೊಳೆ ಸೇರಿದ ಮೇಲ್ಮಣ್ಣನ್ನು ಕೊಂಡು ತರಲಾಗದು.

ಹಾಗಾದರೆ ಟಿಲ್ಲರ್ ಬೇಡವೆ? ಹಾಗಲ್ಲ. ಕಣಿವೆಯ ಗದ್ದೆಗೆ ಕೇಜ್ ಚಕ್ರವಿರುವ 12-13 ಅಶ್ವಶಕ್ತಿಯ ಪವರ್ ಟಿಲ್ಲರ್ ತಕ್ಕ ಯಂತ್ರ. ಹಿತ್ತಿಲಿನ ತರಕಾರಿ ಪಾತಿಗೆ, ನರ್ಸರಿ ಮಣ್ಣಿಗೆ ಹಗುರವಾದ, ಹಿಮ್ಮುಖ ಗೇರ್ ಇರುವ, ಹಿಡಿಕೆ ಬಿಟ್ಟೊಡನೆ ಅಲಗು ನಿಲ್ಲುವ ಯಂತ್ರ ಸಾಕು. ಬೆಳೆದ ಕಾಫಿಯ ಕಡಿದಾದ ಇಳಿಜಾರಿನಲ್ಲಿ ಮಾತ್ರ ಕಳೆ ಸವರಿ ಅಲ್ಲೇ ಹೊದಿಕೆಯಾಗಿ ಬಿಡುವುದು ಲೇಸು. ಆಯ್ಕೆಯ ಕ್ರಮ ಇಳಿಜಾರು, ಬೇರು, ಮಣ್ಣು ಎಂದಿರಲಿ; ಅಶ್ವಶಕ್ತಿ ಕೊನೆಗೆ ಬರಲಿ.

ಅಧ್ಯಾಪಕರು ಇದನ್ನು ತರಗತಿಯ ಚಟುವಟಿಕೆಯಾಗಿಸಬಹುದು. ಕೋನಮಾಪಕಕ್ಕೆ ದಾರ, ಕಲ್ಲು ಕಟ್ಟಿ ವಿದ್ಯಾರ್ಥಿಗಳು ತಮ್ಮ ತೋಟದ ಇಳಿಜಾರನ್ನು ಅಳೆಯಲಿ. ಹಿಡಿ ಮಣ್ಣನ್ನು ಉಂಡೆ ಮಾಡಿ ಸೊಂಟದೆತ್ತರದಿಂದ ಬಿಡಲಿ. ಉಂಡೆ ಒಡೆದು ಉದುರಿದರೆ ಉಳುಮೆಗೆ ಹದ. ಅಪ್ಪಚ್ಚಿಯಾಗಿ ಅಂಟಿಕೊಂಡರೆ ಇನ್ನೂ ಕಾಯಬೇಕು. ಅನಂತರ ಅಂಗಡಿಗೆ ಹೋಗಲಿ.