ನಗೆಯ ಒರೆಗಲ್ಲು

ಪರರ ಮೂಢನಂಬಿಕೆಯನ್ನು ಕಂಡು ನಗುವುದು ಸುಲಭ. ಅದೇ ನಗೆಯನ್ನು ನಮ್ಮ ಬಸದಿಯ ಹೊಸ್ತಿಲೊಳಗೆ ಕರೆತರುವುದು ಕಷ್ಟ. ಈ ಕಷ್ಟವನ್ನು ಎದುರಿಸದ ನಗೆ ಪರೀಕ್ಷೆಯೆನಿಸದು, ಪರಿಹಾಸವಷ್ಟೇ ಆದೀತು.

ನಗೆಯನ್ನು ವಿಚಾರಕ್ಕೆ ಸಾಧನವಾಗಿಸಿಕೊಂಡ ಪರಂಪರೆ ನಮ್ಮಲ್ಲಿ ಹಳೆಯದು. ಅಮಿತಗತಿ ಆಚಾರ್ಯರು ಕ್ರಿ.ಶ. 1014ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಧರ್ಮಪರೀಕ್ಷೆ’ಯ ಕಥೆಯನ್ನು 14ನೆಯ ಶತಮಾನದಲ್ಲಿ ವೃತ್ತವಿಲಾಸನು ಕನ್ನಡಕ್ಕೆ ತಂದನು. ಗೆಳೆಯ ಪವನವೇಗನ ಭ್ರಮೆಯನ್ನು ಕಳೆಯಲೆಂದು ಮನೋವೇಗನು ಪಾಟಲೀಪುತ್ರದ ವಿದ್ವಾಂಸರ ಮುಂದೆ ನಂಬಲಾಗದ ಕಥೆಗಳನ್ನು ಹೇಳುತ್ತಾನೆ. ಆನೆ ಅಟ್ಟಿಸಿಕೊಂಡು ಬರಲು ತಾನು ಕಮಂಡಲುವಿನೊಳಗೆ ಹೊಕ್ಕೆನೆಂದೂ ಆನೆಯೂ ಹಿಂದೆಯೇ ಒಳಬಂದಿತೆಂದೂ ಹೇಳಿದಾಗ ಸಭೆಯು ಸುಳ್ಳೆನ್ನುತ್ತದೆ. ಆಗ ಅವನು ಅವರ ಪುರಾಣಗಳಿಂದಲೇ ಅಂಥ ಪ್ರಸಂಗಗಳನ್ನು ಎತ್ತಿ ತೋರಿಸುತ್ತಾನೆ. ಯುಕ್ತಿ ಸೊಗಸಾದುದು. ಆದರೆ ಒರೆಗಲ್ಲಿಗೆ ಹಚ್ಚಿದ್ದು ಎದುರು ಪಕ್ಷದ ಚಿನ್ನವನ್ನು ಮಾತ್ರ. ಈ ಕಥೆಯ ಮಿತಿ ಇದೇ.

2012ರಲ್ಲಿ ಬಂದ ‘ಓ ಮೈ ಗಾಡ್’ ಎಂಬ ಹಿಂದೀ ಚಿತ್ರವು 2016ರಲ್ಲಿ ‘ಮುಕುಂದ ಮುರಾರಿ’ಯಾಗಿ ಕನ್ನಡಕ್ಕೆ ಬಂದಿತು. ಹಿಂದೀ ಚಿತ್ರದ ಕಾಂಜಿ, ದೇವರ ವಿಗ್ರಹಗಳನ್ನು ಮಾರುವ ನಾಸ್ತಿಕ. ಭೂಕಂಪದಲ್ಲಿ ಅಂಗಡಿ ಕುಸಿದಾಗ, ಇದು ದೈವಕೃತ್ಯವೆಂದು ವಿಮಾ ಸಂಸ್ಥೆಯು ಹಣ ನಿರಾಕರಿಸುತ್ತದೆ. ಅವನು ದೇವರ ಮೇಲೆಯೇ ಮೊಕದ್ದಮೆ ಹೂಡುತ್ತಾನೆ. ನಂಬದಿದ್ದರೂ ನಂಬಿಕೆಯಿಂದಲೇ ಹೊಟ್ಟೆ ಹೊರೆಯುವ ಅವನೂ ಇಲ್ಲಿ ನಗೆಗೆ ಗುರಿಯಾಗುವುದು ಚಿತ್ರದ ಹಿರಿಮೆ. ಕಡೆಗೆ ದೇವರೇ ಬಂದು ಅವನನ್ನು ಬದುಕಿಸುವುದರಿಂದ ಪ್ರಶ್ನೆಯು ಪವಾಡದಲ್ಲಿ ಕರಗಿಹೋಗುವುದು ಅದರ ದೋಷ.

ಜೈನ ಪ್ರೇಕ್ಷಕನಿಗೆ ಈ ಮೊಕದ್ದಮೆ ತನಗೆ ಸಂಬಂಧಿಸಿದ್ದಲ್ಲವೆಂದು ತೋರಬಹುದು. ಜಗತ್ಕರ್ತನನ್ನು ಒಪ್ಪದ ದರ್ಶನದಲ್ಲಿ ಪ್ರತಿವಾದಿಯೇ ಇಲ್ಲ. ವೀತರಾಗನು ಕೊಡುವವನೂ ಅಲ್ಲ, ಕಸಿಯುವವನೂ ಅಲ್ಲ. ಹಾಗಿದ್ದೂ ಮಗನ ಪರೀಕ್ಷೆಗೆ, ಮಗಳ ವಿವಾಹಕ್ಕೆ, ಅಂಗಡಿಯ ಲಾಭಕ್ಕೆ ನಾವು ಹೊತ್ತ ಹರಕೆಗಳೆಷ್ಟು! ವರದ ಆಸೆಯಿಂದ ರಾಗದ್ವೇಷಯುಕ್ತ ದೇವತೆಗಳನ್ನು ಉಪಾಸಿಸುವುದು ದೇವಮೂಢತೆಯೆಂದು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಎಚ್ಚರಿಸಿದ್ದಾರೆ. ಆ ಗ್ರಂಥವನ್ನು ಸ್ವಾಧ್ಯಾಯದಲ್ಲಿ ಓದಿ, ಮರುದಿನವೇ ಹರಕೆ ಹೊತ್ತವರಲ್ಲಿ ಈ ಲೇಖಕನೂ ಒಬ್ಬ. ಚಿತ್ರ ನೋಡಿ ಮನಸಾರೆ ನಕ್ಕವನೂ ಇವನೇ.

ಕಾಯಿಲೆಯ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೈಮುಗಿದ ತಾಯಿಯನ್ನು ಕಂಡು ನಗುವುದು ಹಿಂಸೆಯೇ ಸರಿ. ನಗಬೇಕಾದುದು ಆ ಸಂಕಟಕ್ಕೆ ಫಲದ ಭರವಸೆ ಕೊಟ್ಟು ದರ ಗೊತ್ತುಮಾಡುವ ವ್ಯವಹಾರವನ್ನು ಕಂಡು. ಬಸದಿಗಳ ಆಡಳಿತ ಹೊತ್ತ ಮಹನೀಯರು ಸೇವೆಗಳ ದರಪಟ್ಟಿಯ ಮುಂದೆ ಒಮ್ಮೆ ಮನೋವೇಗನ ಕಣ್ಣಿನಿಂದ ನಿಂತು ನೋಡಲಿ. ಆಗ ಬರುವ ನಗೆಯಲ್ಲಿ ತುಸು ನಾಚಿಕೆಯೂ ಬೆರೆತಿದ್ದರೆ, ಧರ್ಮಪರೀಕ್ಷೆ ನಿಜವಾಗಿ ಅಲ್ಲಿಂದ ಆರಂಭವಾಯಿತೆಂದು ತಿಳಿಯಬಹುದು.