ಬಂಡೆಗೆ ಒಗ್ಗುವ ಗೆರೆ

ಲಿಂಗಸುಗೂರಿನಿಂದ ಗುರುಗುಂಟಾ ದಾಟಿ ತಿಂಥಣಿ ಸೇತುವೆಯತ್ತ ಹೋಗುವ ದಾರಿ ಕಲ್ಲಿನ ಸೀಮೆಯದು. ಇತ್ತ ಮುದಗಲ್ಲಿನ ಕೋಟೆ ಗುಡ್ಡ, ಅತ್ತ ಕೃಷ್ಣೆಯ ಮಗ್ಗುಲಲ್ಲಿ ಜಲದುರ್ಗ. ಇಲ್ಲಿಯವರು ಚಿತ್ರ ಬರೆಯದವರೇನಲ್ಲ. ಮುದಗಲ್ ಬಳಿಯ ಪಿಕ್ಲಿಹಾಳದಲ್ಲಿ, 1952ರಲ್ಲಿ ಎಫ್. ಆರ್. ಆಲ್ಚಿನ್ ಉತ್ಖನನ ಮಾಡಿದ ನವಶಿಲಾಯುಗದ ನೆಲೆಯ ಸುತ್ತಲ ಬಂಡೆಗಳ ಮೇಲೆ ಹಿಣಿಲೆತ್ತಿದ ಹೋರಿಗಳಿವೆ. ಕಲ್ಲಿನ ಮೇಲೆ ದನ ಮೂಡಿತು, ಕಲ್ಲು ಮಾತ್ರ ಚಿತ್ರವಾಗಲಿಲ್ಲ. ಹೊಳೆಯಾಚೆಯ ಸುರಪುರದಲ್ಲಿ ನಾಯಕರ ಆಶ್ರಯದ ಕಲಾವಿದರಿಗೆ ಚಿನ್ನದ ಕೆಲಸ, ಎಳೆಗೆರೆ ಎಲ್ಲ ಕರಗತವಾಗಿತ್ತು. ದೇವರನ್ನು ಬರೆದರು, ದೊರೆಯನ್ನು ಬರೆದರು. ಊರನ್ನು ಸುತ್ತುವರಿದ ಗುಡ್ಡಗಳು ಅವರಿಗೆ ವಿಷಯವಾಗಲಿಲ್ಲ.

ಕೈಚಳಕ ಸಾಲದೆ ಹೀಗಾಯಿತೆಂದು ನಾನು ಒಪ್ಪುವುದಿಲ್ಲ. ಬೆಟ್ಟದ ಚಿತ್ರ ಯಾರಿಗೆ ಬೇಕಿತ್ತು ಎಂದು ಕೇಳಬೇಕು. ಹೋಲಿಕೆಗೆ ಕೊರಿಯಾವನ್ನು ನೋಡಿ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನ ಓದುಬಲ್ಲ ಮೇಲ್ವರ್ಗಕ್ಕೆ ಗುಮ್‌ಗಾಂಗ್ ಪರ್ವತಕ್ಕೆ ಹೋಗಿಬರುವ, ಪ್ರವಾಸಕಥನ ಬರೆಯುವ ಗೀಳು ಹತ್ತಿತ್ತು. ಹೋಗಿ ಬಂದವರಿಗೆ ನೆನಪಿಗೆ, ಹೋಗಲಾರದವರಿಗೆ ಕೂತಲ್ಲೇ ನೋಡಲಿಕ್ಕೆ ಚಿತ್ರ ಬೇಕಾಯಿತು. ಚಿತ್ರಕಾರ ಜೊಂಗ್ ಸೊನ್ (1676–1759) ಬಂದದ್ದು ಈ ವಲಯದಿಂದಲೇ. ಸೀಮೆಯ ಅಧಿಕಾರಿಯಾಗಿ ದುಡಿದವನು. ಅದುವರೆಗೆ ಅಲ್ಲಿನ ಬಹಳಷ್ಟು ಚಿತ್ರಕಾರರು ತಾವು ಕಾಣದ ಚೀನಾದ ಬೆಟ್ಟ-ಹೊಳೆಗಳನ್ನೇ ಬರೆಯುತ್ತಿದ್ದರು. ನಮ್ಮ ಗುರುಗುಂಟಾ ಕಡೆಯ ಅಮರೇಶ್ವರನ ಜಾತ್ರೆಗೂ ಜನ ದೂರದಿಂದ ಬರುತ್ತಾರೆ, ಆದರೆ ಮನೆಗೆ ಒಯ್ಯುವುದು ದೇವರ ಫೋಟೋ.

ಜೊಂಗ್ ಸೊನ್ ಕಣ್ಣೆದುರಿನದನ್ನು ಬರೆದ ಎನ್ನುವುದು ಅರ್ಧ ಸತ್ಯ. 1734ರ ಗುಮ್‌ಗಾಂಗ್ ಚಿತ್ರದಲ್ಲಿ ಇಡೀ ಪರ್ವತ ಒಂದು ದುಂಡಿನೊಳಗೆ ಕೂತಿದೆ: ಒಂದು ಮಗ್ಗುಲಿಗೆ ಒದ್ದೆ ಚುಕ್ಕೆಗಳ ಮಣ್ಣುಗುಡ್ಡ, ಉಳಿದೆಡೆ ಚೂಪು ಗೆರೆಗಳ ಕಲ್ಲುಕೋಡುಗಳು. ಎಲ್ಲಿ ನಿಂತರೂ ಹಾಗೆ ಕಾಣದು. ನಡೆದು ಕಂಡದ್ದನ್ನು ಮೇಲಿನಿಂದ ಜೋಡಿಸಿದ್ದಾನೆ. 1751ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಮಳೆ ಹೊಳವಾದಾಗಿನ ಇನ್ವಾಂಗ್ ಬೆಟ್ಟವನ್ನು ಬರೆದ. ಅಲ್ಲಿನ ಗ್ರಾನೈಟು ನಸುಬಿಳಿ. ಅವನು ಅಗಲ ಕುಂಚದಲ್ಲಿ ಕಪ್ಪು ಮಸಿಯನ್ನು ಮತ್ತೆ ಮತ್ತೆ ಎಳೆದ. ನೆನೆದ ಬಂಡೆ ಕಪ್ಪಾಗಿ ಭಾರವಾಗುವುದನ್ನು, ಮುಂಗಾರಿನಲ್ಲಿ ಮಸ್ಕಿ ಗುಡ್ಡ ಕಂಡವರಿಗೆ ಹೇಳಿಕೊಡಬೇಕಿಲ್ಲ. ಅವನ ದೊಡ್ಡತನ ಇರುವುದು ಕಲ್ಲಿಗೆ ಒಗ್ಗುವ ಗೆರೆ ಕಂಡುಕೊಂಡದ್ದರಲ್ಲಿ. ಅನುಯಾಯಿಗಳ ಕೈಯಲ್ಲಿ ಆ ಗೆರೆ ಬೇಗ ಅಚ್ಚಾಯಿತು. 1788ರಲ್ಲಿ ದೊರೆ ಜೊಂಗ್ಜೊ ಗುಮ್‌ಗಾಂಗಿಗೆ ಕಳಿಸಿದ ಚಿತ್ರಕಾರ ಕಿಮ್ ಹೊಂಗ್-ಡೊ ಅಂಥವನಲ್ಲ, ಬೇರೆಯೇ ಕಣ್ಣು ಅವನದು. ಇನ್ನು ಜನಪದ ಚಿತ್ರಗಳಲ್ಲಿ ಕೋಡುಗಳಿಗೆ ಮನುಷ್ಯರ ಮುಖವೇ ಬಂದುಬಿಡುತ್ತದೆ. ಅನುಯಾಯಿಗಳ ಶಿಸ್ತಿನ ನಕಲಿಗಿಂತ ನನಗೆ ಅವೇ ಮೇಲು.

ನಮ್ಮಲ್ಲಿ ನಿಸರ್ಗಚಿತ್ರವೆಂದರೆ ಮೊದಲ ಹೆಸರು ಕೆ. ವೆಂಕಟಪ್ಪನವರದು. ಮೈಸೂರು ಅರಮನೆಯ ಚಿತ್ರಗಾರರ ಮನೆತನ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯತ್ವ. 1926ರ ಅವರ ಊಟಿ ಜಲವರ್ಣಗಳಲ್ಲಿ ಗಳಿಗೆ ಗಳಿಗೆಗೆ ಬದಲಾಗುವ ಮಂಜು, ಬೆಳಕು, ಮೋಡ ಎಷ್ಟು ನವಿರಾಗಿ ಸಿಕ್ಕಿವೆ! ಆದರೂ ಗುಡ್ಡ ಅಲ್ಲಿ ಬೆಳಕಿಗೆ ಆಸರೆ ಮಾತ್ರ, ಅದಕ್ಕೆ ತೂಕವಿಲ್ಲ. ಸ್ವಾತಂತ್ರ್ಯ ಹೋರಾಟಗಾರ ರುಮಾಲೆ ಚೆನ್ನಬಸವಯ್ಯ (1910–1988) ದಪ್ಪ ಬಣ್ಣದ ಚುಕ್ಕೆಗಳಲ್ಲಿ ಬೆಂಗಳೂರಿನ ಹೂಮರಗಳನ್ನು ಉರಿಸಿದರು. ಮಂಜಿಗೊಂದು ಕುಂಚ, ಹೂವಿಗೊಂದು ಕುಂಚ ನಮಗೆ ದಕ್ಕಿತು. ಬಯಲುಸೀಮೆಯ ಬಂಡೆಗೆ ಅಷ್ಟೇ ಗಟ್ಟಿಯಾದ ಪರಂಪರೆ ಬೆಳೆಯಲಿಲ್ಲ. ತೇವದ ಬೆಟ್ಟಕ್ಕೆ ಒಪ್ಪುವ ನೀರುಬಣ್ಣ ಗುರುಗುಂಟಾದ ಬೇಸಿಗೆ ಮಧ್ಯಾಹ್ನದಲ್ಲಿ ಹರಡುವ ಮೊದಲೇ ಒಣಗುತ್ತದೆ. ಇಲ್ಲಿಗೆ ಒಣಕುಂಚವೋ ಇದ್ದಿಲೋ ಹೆಚ್ಚು ಒಗ್ಗೀತು.