ಹೋಗೂ ಟಿಕೀಟು, ಬರೂ ಟಿಕೀಟು

ಮೊನ್ನೆ ರವಿವಾರ ‘ಅಮೆರಿಕಾ ಅಮೆರಿಕಾ’ ಮತ್ತೊಮ್ಮೆ ನೋಡಿದೆ. ನಾಗತಿಹಳ್ಳಿ ಚಂದ್ರಶೇಖರ ಅವರ 1997ರ ಸಿನಿಮಾ. ಮೊದಲ ಸಲ ಯರಗುಪ್ಪಿಯಲ್ಲಿ ಪಕ್ಕದ ಮನೆ ಟಿವಿಯಲ್ಲಿ ನೋಡಿದಾಗ ಮನೋಮೂರ್ತಿಯವರ ಹಾಡು ಬಿಟ್ಟರೆ ಏನೂ ತಲೆಗೆ ಹೋಗಿರಲಿಲ್ಲ. ಅಮೆರಿಕಾ ಅಂದ್ರ ಹುಬ್ಬಳ್ಳಿ ದಾಟಿ ಎಲ್ಲೋ ದೂರ, ಅಷ್ಟೇ. ಈ ಸಲ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ: ಶಶಾಂಕ ಒನ್ ವೇ ಟಿಕೀಟು ತಗಸಿದ್ನೋ, ರೌಂಡ್ ಟ್ರಿಪ್ಪೋ?

ನಗಬ್ಯಾಡ್ರಿ. ಈ ಪ್ರಶ್ನೆಗೆ ಸಿನಿಮಾದಾಗ ಜಾಗ ಇಲ್ಲ. ನನ್ನ ತಕರಾರು ಶುರುವಾಗೋದೇ ಅಲ್ಲಿ.

ಸಿನಿಮಾ ಚಲೋ ಐತಿ. ರಮೇಶ್, ಹೇಮಾ, ಅಕ್ಷಯ್ ಆನಂದ್ ಮೂವರೂ ಮನಸ್ಸಿನಲ್ಲಿ ಉಳೀತಾರೆ. ಅಷ್ಟು ಅನುಕೂಲದ ನಡುವೆ ಭೂಮಿಕಾ ಒಬ್ಬಂಟಿಯಾಗೋದು ಇವತ್ತಿಗೂ ಸುಳ್ಳಲ್ಲ. ಇಲ್ಲಿಯ ಅಪಾರ್ಟ್‌ಮೆಂಟುಗಳಲ್ಲಿ ಅಂಥ ಮುಖ ದಿನಾ ಕಾಣ್ತೀನಿ. ಆದರೆ ತೀರ್ಪು ಹೆಸರಿಟ್ಟಾಗಲೇ ಆಗಿಹೋಗಿದೆ. ದೇಶದಲ್ಲೇ ಉಳಿದವ ಸೂರ್ಯ, ಬಿಟ್ಟು ಹೋದವ ಶಶಾಂಕ, ಅಂದ್ರ ಚಂದ್ರ. ಒಬ್ಬನದು ಸ್ವಂತ ಬೆಳಕು, ಇನ್ನೊಬ್ಬನದು ಕಡ ತಂದದ್ದು. ನಡುವೆ ಭೂಮಿ. ಹೋಗೋದು, ಇರೋದು ಎರಡೂ ಗುಣದ ಪ್ರಶ್ನೆ ಆಗಿಬಿಡ್ತಾವು.

ನಿಜದಾಗ ಹಂಗಿಲ್ಲ. ನಾನು ಎಚ್-1ಬಿ ವೀಸಾದಲ್ಲಿ ಹೊಂಟಾಗ ಕಂಪನಿ ಪ್ರಯಾಣದ ರೊಕ್ಕ ಕೊಟ್ಟು ‘ನೀನೇ ಬುಕ್ ಮಾಡಿಕೋ’ ಅಂತು. ಈ ವೀಸಾಕ್ಕೆ ಬರೂ ಟಿಕೀಟು ತೋರಿಸಬೇಕಂತ ಇಲ್ಲ. ಆದರೂ ನೋಡಿದರೆ ಒನ್ ವೇಗೂ ರೌಂಡ್ ಟ್ರಿಪ್ಪಿಗೂ ಅಂಥ ಫರಕಿರಲಿಲ್ಲ. ದೊಡ್ಡ ವಿಮಾನ ಕಂಪನಿಗಳಲ್ಲಿ ಕೆಲವೊಮ್ಮೆ ರೌಂಡ್ ಟ್ರಿಪ್ಪೇ ಅಗ್ಗ. ರೌಂಡ್ ಟ್ರಿಪ್ ತಗಸಿದೆ. ಅವ್ವ ಕೇಳಿದ್ಲು, “ಬರೂದು ಯಾವಾಗಪಾ?” ಹನ್ನೊಂದು ತಿಂಗಳಾಚೆಯ ತಾರೀಕು ಹೇಳಿದೆ. ಕ್ಯಾಲೆಂಡರ್ ಮುಗಿದಿತ್ತಲ್ಲ, ಬಾಗಿಲ ಹಿಂದೆ ಸುಣ್ಣದ ಗೋಡೆ ಮೇಲೆ ಬರೆಸಿಕೊಂಡ್ಲು.

ಅಂಥ ಟಿಕೀಟಿನ ಆಯುಷ್ಯ ಸಾಮಾನ್ಯವಾಗಿ ಒಂದು ವರ್ಷ. ಹೋಗೂ ವಿಮಾನ ತಪ್ಪಿಸಿದರೆ ಬರೂದೂ ರದ್ದಾಗ್ತದ. ಬರೂದನ್ನ ಬಿಟ್ಟರೆ ಯಾರೂ ಹುಡುಕಿಕೊಂಡು ಬರೋದಿಲ್ಲ. ಪ್ರಾಜೆಕ್ಟ್ ಅಂತ ದಂಡ ಕಟ್ಟಿ ಒಂದು ಸಲ ಮುಂದಕ್ಕೆ ಹಾಕಿದೆ. ಆಮೇಲೆ ಅಪ್ಪ ಹೊಲದ ಮೇಲೆ ತೆಗೆದ ಸಾಲ, ಆ ವರ್ಷ ಮಳಿ ಕೈಕೊಟ್ಟು ಹೋದ ಹೆಸರು. ಇನ್ನೊಂದಿಷ್ಟು ತಿಂಗಳು ದುಡಿದೇ ಬರೂಣು ಅಂದುಕೊಂಡೆ. ಟಿಕೀಟು ಸತ್ತಿತು. ಫೋನಿನಲ್ಲಿ ಹೇಳಿದಾಗ ಅವ್ವ ಒಂದು ಗಳಿಗೆ ಸುಮ್ಮನಿದ್ದು ಕೇಳಿದ್ಲು: “ರೊಕ್ಕರ ತಿರುಗಿ ಕೊಡ್ತಾರೇನ?”

ಸಿನಿಮಾ ಬಿಟ್ಟದ್ದು ಇದನ್ನ. ದೇಶ ಬಿಡೋದು ಒಂದು ದಿನದ ನಿರ್ಧಾರ ಅಂತ ಅದು ನಂಬಿದೆ. ನಮ್ಮಂಥವರು ಬಿಡೋದು ಕಂತಿನ ಮೇಲೆ. ಮೂರು ವರ್ಷದ ವೀಸಾ, ಮತ್ತ ಮೂರು. ಅಮೆರಿಕದ ಕಾನೂನಿಗೂ ಬರೂ ಟಿಕೀಟಿನ ನೆನಪಿದೆ: ಅವಧಿಗೆ ಮೊದಲೇ ಕೆಲಸದಿಂದ ತೆಗೆದರೆ ಎಚ್-1ಬಿ ನೌಕರ ವಾಪಸ್ ಹೋಗೋ ಪ್ರಯಾಣದ ಖರ್ಚು ಕಂಪನಿಯೇ ಕೊಡಬೇಕು; ತಾನಾಗೇ ಬಿಟ್ಟರೆ ಇಲ್ಲ. ಅಂದ್ರ ದಬ್ಬಿದರೆ ಟಿಕೀಟು ಅವರದು, ಮನಸ್ಸು ಮಾಡಿದರೆ ನಮ್ಮದು.

ಶಶಾಂಕನಿಗೆ ಆಸೆ ಇತ್ತು, ಹೋದ. ಅವನ ಮೇಲೆ ಸಿಟ್ಟಾಗೋದು ಸಲೀಸು. ವರ್ಷಾ ವರ್ಷಾ ‘ಮುಂದಿನ ಸುಗ್ಗಿಗೆ ಬರ್ತೀನಿ’ ಅನ್ನೋ, ಹಾಗನ್ನುವಾಗ ನಿಜಕ್ಕೂ ಬರಬೇಕಂತಲೇ ಇರೋ ಮನಷ್ಯಾನ್ನ ಯಾವ ಕಡೆ ನಿಲ್ಲಿಸೋದು? ಅವನ ಸಿನಿಮಾ ಇನ್ನೂ ಬರಬೇಕು.

ಆಮೇಲೆ ಎರಡು ಸಲ ಊರಿಗೆ ಹೋಗಿ ಬಂದೆ. ಎರಡೂ ಸಲ ರೌಂಡ್ ಟ್ರಿಪ್ಪೇ, ಆದರೆ ಇಲ್ಲಿಂದ ತಗಸಿದ್ದು. ಈಗ ಹೋಗೂದು ಯಾವುದು, ಬರೂದು ಯಾವುದು ಅನ್ನೋದು ಉಲ್ಟಾ ಆಗೇತಿ. ಗೋಡೆ ಮೇಲಿನ ತಾರೀಕಿನ ಮೇಲೆ ಅವ್ವ ಇನ್ನೂ ಸುಣ್ಣ ಹಚ್ಚಿಸಿಲ್ಲ.